24 ಚೌಕಗಳ ಹಾಳೆ

ಗಲ್ಲು ಶಿಕ್ಷೆಯಾದ ಹೆಂಗಸರು ಜೈಲಿನಲ್ಲಿ ದಿನ ಹೇಗೆ ಕಳೆಯುತ್ತಾರೆ ಅನ್ನುವುದರ ಬಗ್ಗೆ ಜನರ ಮುಂದೆ ಮಾತಾಡುವುದು ನನ್ನ ಕೆಲಸದ ಒಂದು ಭಾಗ. ನಾನು ವಕೀಲೆ ಅಲ್ಲ. ಕಾನೂನು ಓದುವ ಹುಡುಗರಿಗೆ, ಓದುಗರ ಗುಂಪುಗಳಿಗೆ, ಕೆಲವೊಮ್ಮೆ ನಿವೃತ್ತರ ಕೂಟಗಳಿಗೆ ಜೈಲು, ಶಿಕ್ಷೆ ಇಂಥ ವಿಷಯಗಳ ಚರ್ಚೆ ನಡೆಸಿಕೊಡುತ್ತೇನೆ. ಈ ವಿಷಯ ಮಾತ್ರ ನನಗೆ ಸುಲಭಕ್ಕೆ ಒಗ್ಗಲಿಲ್ಲ. ಮೊದಲ ಸಲ ಪೂರ್ತಿ ಸೋತೆ.

ಮೊದಲ ಸಲ ಅಂಕಿ ಅಂಶ ಹಿಡಿದುಕೊಂಡು ಹೋಗಿದ್ದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೇಂದ್ರವೊಂದು 2018ರಲ್ಲಿ ಕೊಟ್ಟ ವರದಿ ಪ್ರಕಾರ ಪ್ರಪಂಚದಲ್ಲಿ ಕಡಿಮೆ ಅಂದರೂ 500 ಹೆಂಗಸರು ಮರಣದಂಡನೆ ತಲೆ ಮೇಲೆ ಹೊತ್ತು ಕೂತಿದ್ದರು. ಅಮೆರಿಕದಲ್ಲಿ 1976ರಿಂದ 2023ರ ಕೊನೆಯವರೆಗೆ 1,500ಕ್ಕೂ ಹೆಚ್ಚು ಜನರ ಶಿಕ್ಷೆ ಜಾರಿಯಾಗಿದೆ, ಅದರಲ್ಲಿ ಹೆಂಗಸರು 18. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು 2016ರಲ್ಲಿ ಭಾರತದ ಬಗ್ಗೆ ವರದಿ ತಂದಾಗ ಅವರ ಲೆಕ್ಕಕ್ಕೆ ಸಿಕ್ಕ 385 ಗಲ್ಲು ಕೈದಿಗಳಲ್ಲಿ ಹೆಂಗಸರು ಬರೀ 12. ಇದೆಲ್ಲ ಹೇಳಿ ಮುಗಿಸಿದೆ. ಹಾಲ್‌ನಲ್ಲಿ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಕೊನೆಗೆ ಒಬ್ಬ ಹುಡುಗ ಕೈ ಎತ್ತಿ ಕೇಳಿದ: "ಮೇಡಂ, ಅವರಿಗೆ ಟಿವಿ ಇರುತ್ತಾ?"

ತಕ್ಷಣ ಎಲ್ಲರೂ ತಲೆ ಎತ್ತಿದರು.

ಅವತ್ತು ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪ್ರಶ್ನೆಯೇ ಬಾಗಿಲು ಅಂತ ಮನೆಗೆ ಹೋದ ಮೇಲೆ ಹೊಳೆಯಿತು. ಆ ಹುಡುಗ ಅವಳ ದಿನದ ಬಗ್ಗೆ ಕೇಳಿದ್ದ. ನಾನು ಒಂದೂವರೆ ಗಂಟೆ ಮಾತಾಡಿದರೂ ಅವಳ ದಿನದ ಒಂದು ನಿಮಿಷವನ್ನೂ ಹೇಳಿರಲಿಲ್ಲ.

ಮುಂದಿನ ಸಲಕ್ಕೆ ಒಂದು ಹಾಳೆ ಮಾಡಿಕೊಂಡೆ. ಅದರಲ್ಲಿ 24 ಚೌಕ, ಗಂಟೆಗೊಂದು. ಮಾತು ಶುರು ಮಾಡುವ ಮುಂಚೆ ಎಲ್ಲರಿಗೂ ಒಂದೊಂದು ಹಂಚಿ, ಗಲ್ಲು ಶಿಕ್ಷೆಯಾದ ಒಬ್ಬ ಹೆಂಗಸಿನ ನಿನ್ನೆಯ ದಿನವನ್ನು ತುಂಬಿಸಿ, ಹೆಸರು ಬರೆಯಬೇಡಿ ಅಂದೆ. ಹತ್ತು ನಿಮಿಷ ಕೊಟ್ಟೆ. ಅಷ್ಟೂ ಬೇಕಾಗಲೇ ಇಲ್ಲ. ಎಲ್ಲರೂ ಮೂರು ನಾಲ್ಕು ನಿಮಿಷಕ್ಕೇ ಪೆನ್ನು ಕೆಳಗಿಟ್ಟರು.

ಆಮೇಲೆ ಎಷ್ಟೋ ಕಡೆ ಇದನ್ನೇ ಮಾಡಿಸಿದ್ದೇನೆ. ಹಾಳೆಗಳು ಹೆಚ್ಚುಕಮ್ಮಿ ಒಂದೇ ಥರ ಬರುತ್ತವೆ. ಬೆಳಗಿನ ಚೌಕಗಳಲ್ಲಿ ಏಳುವುದು, ಸ್ನಾನ, ಪ್ರಾರ್ಥನೆ, ತಿಂಡಿ. ಒಂದು ಗುಂಪಿನವರು ಅಲ್ಲಿಂದ ಮುಂದೆ "ಟಿವಿ, ಟಿವಿ, ಟಿವಿ, ಊಟ, ನಿದ್ದೆ" ಅಂತ ಬರೆಯುತ್ತಾರೆ. ಒಬ್ಬರು ಹನ್ನೊಂದು ಚೌಕಕ್ಕೆ ಟಿವಿ ಹಾಕಿ, ಕೆಳಗೆ "ನಮ್ಮ ತೆರಿಗೆ ದುಡ್ಡಲ್ಲಿ" ಅಂತ ಸೇರಿಸಿದ್ದರು. ಇನ್ನೊಂದು ಗುಂಪು "ಅಳು, ಪಶ್ಚಾತ್ತಾಪ, ಅಳು, ಮಕ್ಕಳ ನೆನಪು, ಅಳು" ಅಂತ ಬರೆಯುತ್ತದೆ. ಎರಡೂ ಗುಂಪಿನವರು ಮಧ್ಯಾಹ್ನಕ್ಕೆ ಬರುವ ಹೊತ್ತಿಗೆ ನಿಂತುಬಿಡುತ್ತಾರೆ. ಎರಡರಿಂದ ಐದು ಗಂಟೆ ಖಾಲಿ. ಅವಳು ಮಾಡಿದ ಕೊಲೆಯನ್ನು ಜನ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ, ಕೊನೇ ಗಳಿಗೆಯನ್ನೂ ಹೇಳುತ್ತಾರೆ, ಹಗ್ಗ ಎಂಥದ್ದು ಅಂತಲೂ ಹೇಳುತ್ತಾರೆ. ಮಧ್ಯಾಹ್ನ ಮೂರು ಗಂಟೆ ಮಾತ್ರ ಯಾರಿಗೂ ತೋಚುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಕಾಯುವವರು ಕಳೆಯಬೇಕಾದದ್ದು ಅದನ್ನೇ ಅಲ್ವಾ?

ಹಾಳೆ ಕೆಳಗಿಟ್ಟ ಮೇಲೆ ನಿಜವಾದ ದಿನ ಒಂದನ್ನು ಓದುತ್ತೇನೆ. ಫ್ಲೋರಿಡಾ ರಾಜ್ಯದ ಜೈಲು ಇಲಾಖೆಯೇ ತನ್ನ ಮರಣದಂಡನೆ ಕೈದಿಗಳ ದಿನಚರಿಯನ್ನು ಪ್ರಕಟಿಸಿತ್ತು, ನಾನು ಬಳಸುವುದು ಅದನ್ನು. ಬೆಳಗ್ಗೆ 5ಕ್ಕೆ ತಿಂಡಿ. 10.30ರಿಂದ 11ರೊಳಗೆ ಮಧ್ಯಾಹ್ನದ ಊಟ. ಸಂಜೆ 4ರಿಂದ 4.30ರೊಳಗೆ ರಾತ್ರಿ ಊಟ. ತಿನ್ನಲು ಒಂದು ಚಮಚ. ಸ್ನಾನ ದಿನ ಬಿಟ್ಟು ದಿನ. ಟಿವಿ ಇದೆ, ಎಸಿ ಇಲ್ಲ. ಸೆಲ್ 6 ಅಡಿ ಅಗಲ, 9 ಅಡಿ ಉದ್ದ. ಹೊರಗೆ ಎಲ್ಲಿಗೆ ಕರೆದುಕೊಂಡು ಹೋದರೂ ಕೈಕೋಳ. ಪತ್ರಗಳು ಶನಿವಾರ, ಭಾನುವಾರ, ರಜಾ ದಿನ ಬಿಟ್ಟು ಬಾಕಿ ದಿನ ಬರುತ್ತವೆ. ಕಡಿಮೆ ಅಂದರೆ ಗಂಟೆಗೊಮ್ಮೆ ಕೈದಿಗಳ ಎಣಿಕೆ.

ಇಷ್ಟು ಓದಿದ ಮೇಲೆ ಜನ ಟಿವಿಯನ್ನು ಮರೆತೇಬಿಡುತ್ತಾರೆ. ನಾಲ್ಕೂವರೆಗೆ ಊಟ ಮುಗಿದರೆ ಮತ್ತೆ ಬೆಳಗ್ಗೆ ಐದರ ತನಕ ಏನೂ ಇಲ್ವಾ ಅಂತ ಯಾರಾದರೂ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಹನ್ನೆರಡೂವರೆ ಗಂಟೆ. ಟಿವಿ ಇದೆ ಅಂತ ಕೊರಗುತ್ತಿದ್ದವರು ಊಟದ ಹೊತ್ತಿಗೆ ಬಂದು ನಿಲ್ಲುತ್ತಾರೆ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಅಂಟುಪಟ್ಟಿ ತೆಗೆದುಕೊಂಡು ಹೋಗುವ ಅಭ್ಯಾಸವೂ ಆಗ ಶುರುವಾದದ್ದು. ಹಾಲ್‌ನ ನೆಲದ ಮೇಲೆ 6 ಅಡಿ, 9 ಅಡಿಯ ಚೌಕಟ್ಟು ಅಂಟಿಸುತ್ತೇನೆ. ಒಳಗೆ ಒಂದು ಬೆಂಚು ಇಟ್ಟರೆ ಮಂಚ. ಮೂಲೆಯಲ್ಲಿ ಬಕೆಟ್ ಇಟ್ಟರೆ ಶೌಚ. ಉಳಿದ ಜಾಗದಲ್ಲಿ ನಡೆದಾಡಿ ಅನ್ನುತ್ತೇನೆ. ನಾಟಕ ಮಾಡುವವರು, ನಗುವವರು ಇದ್ದೇ ಇರುತ್ತಾರೆ. ಆದರೆ ಮೂರು ಹೆಜ್ಜೆ ಹೋಗಿ, ತಿರುಗಿ, ಮೂರು ಹೆಜ್ಜೆ ಬಂದು, ಮತ್ತೆ ತಿರುಗುವಾಗ ಬೆಂಚಿಗೆ ಮೊಣಕಾಲು ತಗುಲಿಸಿಕೊಂಡವರು ನಗು ನಿಲ್ಲಿಸುತ್ತಾರೆ. ಒಬ್ಬ ಹೆಂಗಸು ಅಲ್ಲಿಂದಲೇ ಕೇಳಿದರು: "ಮುಟ್ಟಾದಾಗ? ಸ್ನಾನ ದಿನ ಬಿಟ್ಟು ದಿನ ಅಂದ್ರಲ್ಲ?" ಗಂಡಸರು ನೆಲ ನೋಡಿದರು. ಅದುವರೆಗೆ ಬಂದಿದ್ದ ನೂರಾರು ಹಾಳೆಗಳಲ್ಲಿ ಒಂದರಲ್ಲೂ ಆ ಮಾತು ಇರಲಿಲ್ಲ. ನಾನೂ ಹೆಂಗಸೇ, ನನಗೂ ಹೊಳೆದಿರಲಿಲ್ಲ.

ಹೆಂಗಸರ ವಿಷಯದಲ್ಲಿ ಬೇರೆಯೇ ಇರುವ ಇನ್ನೊಂದು ಸಂಗತಿ ಅವರ ಸಂಖ್ಯೆ. ಕಡಿಮೆ ಇದ್ದರೆ ಒಳ್ಳೇದಲ್ವಾ ಅನ್ನಿಸುತ್ತದೆ. ಒಳಗಿರುವವಳಿಗೆ ಹಾಗಲ್ಲ. ಗಂಡಸರಾದರೆ ಒಂದು ಸಾಲಿನಲ್ಲಿ ಹತ್ತಾರು ಜನ ಇರುತ್ತಾರೆ, ಗೋಡೆಯಾಚೆಗೆ ಕೂಗಿ ಮಾತಾಡುತ್ತಾರೆ. ಹೆಣ್ಣಾದರೆ ಎಷ್ಟೋ ಕಡೆ ಅವಳೊಬ್ಬಳೇ. ಅಮೆರಿಕದ ಜಾರ್ಜಿಯಾದಲ್ಲಿ ಕೆಲಿ ಗಿಸೆಂಡೇನರ್ 2015ರ ಸೆಪ್ಟೆಂಬರ್ 30ರಂದು ಸಾಯುವ ಹೊತ್ತಿಗೆ ಆ ರಾಜ್ಯದಲ್ಲಿ ಮರಣದಂಡನೆ ಇದ್ದ ಒಬ್ಬಳೇ ಹೆಂಗಸು. ಟೆನೆಸಿಯಲ್ಲಿ ಕ್ರಿಸ್ಟಾ ಪೈಕ್‌ದೂ ಅದೇ ಕಥೆ. ಜೊತೆಗಿಡಲು ಅಂಥ ಇನ್ನೊಬ್ಬಳಿಲ್ಲ, ಬೇರೆ ಕೈದಿಗಳ ಜೊತೆ ಇಡಲು ನಿಯಮವಿಲ್ಲ. ಹೀಗೆ ಪೈಕ್ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಹೆಚ್ಚುಕಮ್ಮಿ ಒಂಟಿಯಾಗಿದ್ದಳು. ಕೋರ್ಟಿಗೆ ಹೋಗಿ 2024ರಲ್ಲಿ ರಾಜಿಯಾದ ಮೇಲೆ ಕೆಲಸ ಮಾಡಲು, ಬೇರೆಯವರ ಜೊತೆ ಕೂತು ಉಣ್ಣಲು ದಾರಿಯಾಯಿತು. ಜೊತೆ ಕೂತು ಉಣ್ಣಲು ಕೋರ್ಟು! ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಮನುಷ್ಯರ ಒಡನಾಟ ಇಲ್ಲದೆ ಇಡುವುದನ್ನು 15 ದಿನ ಮೀರಿಸಬಾರದು ಅಂತ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಹೇಳುತ್ತವೆ. ನಿಯಮ ಹಾಳೆಯ ಮೇಲೆ ಚೆನ್ನಾಗಿದೆ.

ಭಾರತದ ಬಗ್ಗೆ ಕೇಳುವವರಿಗೆ 1978ರ ಸುನಿಲ್ ಬಾತ್ರಾ ತೀರ್ಪು ಹೇಳುತ್ತೇನೆ. ಜಡ್ಜ್ ಗಲ್ಲು ಅಂದ ಕೂಡಲೇ ಒಂಟಿ ಸೆಲ್‌ಗೆ ಹಾಕುವ ಹಾಗಿಲ್ಲ. ಮೇಲ್ಮನವಿ, ಕ್ಷಮಾದಾನ ಅರ್ಜಿ ಎಲ್ಲ ಮುಗಿದು ಶಿಕ್ಷೆ ಪಕ್ಕಾ ಆದ ಮೇಲಷ್ಟೇ ಆ ಮಾತು ಅಂತ ಸುಪ್ರೀಂ ಕೋರ್ಟ್ ಹೇಳಿತು. ತುಂಬ ಜನರಿಗೆ ಇದು ಹೊಸ ವಿಷಯ. ಗರ್ಭಿಣಿಗೆ ಗಲ್ಲು ಶಿಕ್ಷೆಯಾಗಿದ್ದರೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಬೇಕು ಅನ್ನುವುದೂ ಹೊಸ ವಿಷಯವೇ.

ಕೊನೇ ಊಟದ ಪ್ರಶ್ನೆ ಬರದ ದಿನವೇ ಇಲ್ಲ. ಮುಂಚೆ ಬೇಜಾರಾಗುತ್ತಿತ್ತು, ಈಗ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ 1984ರಲ್ಲಿ ಶಿಕ್ಷೆ ಜಾರಿಯಾದ ವೆಲ್ಮಾ ಬಾರ್‌ಫೀಲ್ಡ್ ವಿಶೇಷ ಊಟ ಬೇಡ ಅಂದಳು, ಚೀಸ್ ಹಾಕಿದ ಕುರುಕಲು ತಿಂದು ಕೋಕಾಕೋಲಾ ಕುಡಿದಳು. ಟೆಕ್ಸಾಸ್ 2011ರಲ್ಲಿ ಕೇಳಿದ್ದು ಕೊಡುವ ಪದ್ಧತಿಯನ್ನೇ ನಿಲ್ಲಿಸಿತು. ಅಷ್ಟೇ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು. ಹಾಳೆ, ಅಂಟುಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತಿವೆ ಅಂತ ಗೊತ್ತಾದ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂತು. ಅಪರಾಧದ ಮಾತನ್ನೇ ಬಿಟ್ಟುಬಿಟ್ಟೆ. ಅದನ್ನು ಎತ್ತಿದರೆ ಜನ ಮತ್ತೆ ಹಳೇ ಜಾಗಕ್ಕೇ ಹೋಗುತ್ತಾರೆ ಅಂತ ಲೆಕ್ಕ. ಇಂಡೋನೇಷ್ಯಾದ ಜೈಲಿನಲ್ಲಿ ಬಾಟಿಕ್ ಬಟ್ಟೆ ಮಾಡುತ್ತಿದ್ದ ಫಿಲಿಪ್ಪೀನ್ಸ್‌ನ ಮೇರಿ ಜೇನ್ ವೆಲೊಸೊ ಬಗ್ಗೆ ಹೇಳುತ್ತಿದ್ದೆ. 2015ರಲ್ಲಿ ಗುಂಡು ಹಾರಿಸುವ ಮುಂಚೆ ಕೊನೇ ಗಳಿಗೆಯಲ್ಲಿ ಉಳಿದವಳು, 2024ರ ಡಿಸೆಂಬರ್‌ನಲ್ಲಿ ತನ್ನ ದೇಶಕ್ಕೆ ವಾಪಸ್ ಹೋದಳು. ದೇವತಾಶಾಸ್ತ್ರ ಓದಿದ ಗಿಸೆಂಡೇನರ್ ಬಗ್ಗೆ ಹೇಳುತ್ತಿದ್ದೆ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ನನಗೆ ಖುಷಿಯಾಗುತ್ತಿತ್ತು.

ಒಂದು ಸಲ ಹಿಂದಿನ ಸಾಲಿನಿಂದ ಒಬ್ಬರು ವಯಸ್ಸಾದ ಹೆಂಗಸು ಎದ್ದರು. ದನಿ ಎತ್ತಲಿಲ್ಲ. "ನಮ್ಮ ಅಣ್ಣನನ್ನ ಕೊಂದವಳು ಜೈಲಲ್ಲಿದ್ದಾಳೆ. ನೀವು ಅವಳ ಮಧ್ಯಾಹ್ನ ಲೆಕ್ಕ ಹಾಕಿದ್ರಿ. ನಮ್ಮ ಅತ್ತಿಗೆ ಮಧ್ಯಾಹ್ನ ಯಾರು ಲೆಕ್ಕ ಹಾಕ್ತಾರಮ್ಮ?" ಅಂದರು. ಅವಳನ್ನು ಗಲ್ಲಿಗೆ ಹಾಕಿ ಅಂತೇನೂ ಅವರು ಹೇಳಲಿಲ್ಲ. ಅಷ್ಟು ಕೇಳಿ ಕೂತರು. ನನ್ನ ಬಾಯಲ್ಲಿ ಮಾತು ಬರಲಿಲ್ಲ, ಬಂದದ್ದೆಲ್ಲ ಸುಮ್ನೆ ಸಮಾಧಾನದ ಮಾತು. ಮುಗಿದ ಮೇಲೆ ಹುಡುಕಿದೆ, ಹೊರಟುಹೋಗಿದ್ದರು. ಕುರ್ಚಿ ಮೇಲೆ ಅವರ ಹಾಳೆ ಇತ್ತು. 24 ಚೌಕಕ್ಕೂ ಅಡ್ಡವಾಗಿ ಒಂದೇ ಗೆರೆ ಎಳೆದಿದ್ದರು.

ಆಮೇಲಿಂದ ಕ್ರಮ ಬದಲಾಯಿಸಿದೆ. ಮೊದಲು ಸತ್ತವರು. ಏನಾಯಿತು, ಯಾರಿಗಾಯಿತು, ಒಂದು ಚೂರೂ ಮೃದು ಮಾಡದೆ ಹೇಳುತ್ತೇನೆ. ಹಾಳೆ ಹಂಚುವುದು ಅದಾದ ಮೇಲೆ. ಜನ ಹಳೇ ಜಾಗಕ್ಕೆ ಹೋಗುತ್ತಾರೆ ಅಂತ ಹೆದರಿದ್ದೆನಲ್ಲ, ಹಾಗಾಗಲಿಲ್ಲ. ಬಚ್ಚಿಟ್ಟಿಲ್ಲ ಅಂತ ಗೊತ್ತಾದರೆ ಜನ ಮುಂದಿನದನ್ನು ಕೇಳುತ್ತಾರೆ.

ಕಾರ್ಲಾ ಫೇ ಟಕ್ಕರ್ ಕಥೆಯನ್ನು ಈಗ ಬೇರೆ ಥರ ಹೇಳುವುದೂ ಇದಕ್ಕೇ. 1983ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಇಬ್ಬರನ್ನು ಪಿಕಾಸಿಯಿಂದ ಕೊಂದ ಪ್ರಕರಣ ಅದು. ಜೈಲಿನಲ್ಲಿ ದೇವರ ಕಡೆ ತಿರುಗಿದಳು. ಟಿವಿಯಲ್ಲಿ ಬಂದಳು, ನೋಡಲು ಚೆನ್ನಾಗಿದ್ದಳು, ನಗುತ್ತ ಮಾತಾಡುತ್ತಿದ್ದಳು. ಪೋಪ್ ಎರಡನೇ ಜಾನ್ ಪಾಲ್ ಕೂಡ ಅವಳ ಪರವಾಗಿ ಕೇಳಿಕೊಂಡರು. 1998ರ ಫೆಬ್ರವರಿ 3ರಂದು ಶಿಕ್ಷೆ ಜಾರಿಯಾಯಿತು. ಸತ್ತ ಹೆಂಗಸಿನ ಗಂಡ ಶಿಕ್ಷೆ ಆಗಲೇಬೇಕು ಅಂದಿದ್ದ. ಅದೇ ಹೆಂಗಸಿನ ಒಡಹುಟ್ಟಿದವನು ಬೇಡ ಅಂದ, ಕೊನೇ ಗಳಿಗೆಯಲ್ಲಿ ಟಕ್ಕರ್ ಕಡೆಯವನಾಗಿ ಅಲ್ಲಿ ನಿಂತಿದ್ದ. ಒಂದೇ ಸಾವು, ಒಂದೇ ಮನೆ, ಎರಡು ದಾರಿ. ಇಷ್ಟು ಹೇಳಿ, ನಾಲ್ಕು ವರ್ಷದ ಮೇಲೆ 2002ರಲ್ಲಿ ಫ್ಲೋರಿಡಾದಲ್ಲಿ, ಹಲವು ಗಂಡಸರನ್ನು ಕೊಂದ ಐಲೀನ್ ವೂರ್ನೋಸ್ ಶಿಕ್ಷೆ ಜಾರಿಯಾಗಿ ಸತ್ತಾಗ ಅಂಥ ಮರುಕ ಯಾಕೆ ಹುಟ್ಟಲಿಲ್ಲ ಅಂತ ಕೇಳುತ್ತೇನೆ. ಬೀದಿಯಲ್ಲಿ ಬದುಕಿದವಳು, ಬೈಯುತ್ತಿದ್ದಳು, ಕ್ಯಾಮೆರಾ ಮುಂದೆ ಚೆನ್ನಾಗಿ ಕಾಣುತ್ತಿರಲಿಲ್ಲ. ಹೆಂಗಸು ಅಂತ ಕನಿಕರ ತೋರಿಸುತ್ತೇವೆ ಅನ್ನುವವರು ಎಂಥ ಹೆಂಗಸಿಗೆ ಅನ್ನುವುದನ್ನು ಹೇಳುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ, ಜಗಳ ಚೆನ್ನಾಗಿಯೇ ನಡೆಯುತ್ತದೆ.

2021ರಲ್ಲಿ, ತನ್ನ ಮನೆಯವರನ್ನೇ ಕೊಂದದ್ದಕ್ಕೆ ಗಲ್ಲು ಶಿಕ್ಷೆಯಾಗಿದ್ದ ಉತ್ತರ ಪ್ರದೇಶದ ಶಬನಂ ಸುದ್ದಿಯಲ್ಲಿದ್ದಾಗ ಎರಡು ತಿಂಗಳು ನನಗೆ ಪುರುಸೊತ್ತೇ ಇರಲಿಲ್ಲ, ಎಲ್ಲ ಕಡೆಯಿಂದಲೂ ಕರೆ. ಮಥುರಾ ಜೈಲಿನ ಗಲ್ಲಿನ ಕೋಣೆ, ಹಗ್ಗ, ಗಲ್ಲಿಗೇರಿಸುವವನ ಸಂದರ್ಶನ, ಎಲ್ಲ ಟಿವಿಯಲ್ಲಿ ಬಂದಿತ್ತು. ಜೈಲೊಳಗಿನ ಅವಳ ಫೋಟೋ ಹೊರಗೆ ಹರಿದಾಡಿದ್ದೂ ಆಗಲೇ. ಆ ದಿನಗಳ ಹಾಳೆಗಳು ನನ್ನ ಹತ್ತಿರ ಇನ್ನೂ ಇವೆ. ಎಷ್ಟೋ ಜನ 24 ಚೌಕಗಳಲ್ಲೂ "ಭಯ" ಅಂತ ಬರೆದಿದ್ದರು. ಭಯ ಇರುತ್ತದೆ, ಆದರೆ ಬಟ್ಟೆಯೂ ಒಗೆಯಬೇಕಲ್ಲ.

ಮೊನ್ನೆ ಒಂದು ಕಡೆ ಮಾತು ಮುಗಿಸಿ ಅಂಟುಪಟ್ಟಿ ಕೀಳುತ್ತಿದ್ದೆ. ಹಾಲ್‌ಗೆ ಬೀಗ ಹಾಕಲು ವಾಚ್‌ಮನ್ ಕಾಯುತ್ತಿದ್ದರು. ಬಿದ್ದಿದ್ದ ಖಾಲಿ ಹಾಳೆ ಒಂದನ್ನು ಎತ್ತಿಕೊಂಡು, ನಾನೂ ತುಂಬಿಸಲಾ ಅಂದರು. ಪೆನ್ನು ಕೊಟ್ಟೆ. ಗೋಡೆಗೆ ಹಾಳೆ ಒತ್ತಿ ಹಿಡಿದು ನಿಂತುಕೊಂಡೇ ಬರೆದರು. ನೋಡಿದರೆ ಒಂದರಿಂದ ಇಪ್ಪತ್ತನಾಲ್ಕರ ತನಕ ಪ್ರತಿ ಚೌಕದಲ್ಲೂ ಒಂದೇ ಪದ: ಎಣಿಕೆ. ರಾತ್ರಿ ಪಾಳಿಯಲ್ಲಿ ತಾವೂ ಗಂಟೆಗೊಮ್ಮೆ ರೌಂಡ್ ಹೊಡೆದು ಪುಸ್ತಕದಲ್ಲಿ ಸಹಿ ಹಾಕಬೇಕು, ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಮತ್ತೆ ಏಳಬೇಕು ಅಂತ ವಿವರಿಸಿದರು.

"ಎಣಿಸೋರೂ ಹೆಂಗಸರೇನಾ ಮೇಡಂ?"

ಹೆಂಗಸರ ಕಡೆ ಸಾಮಾನ್ಯವಾಗಿ ಹೆಂಗಸರೇ ಅಂದೆ.

"ಹಂಗಾದ್ರೆ ರಾತ್ರಿ ಇಬ್ರೂ ಎದ್ದಿರ್ತಾರೆ" ಅಂದರು, ದೀಪ ಆರಿಸುತ್ತ.

ಈಗ ಹಾಳೆಯಲ್ಲಿ ಗಂಟೆಗೆ ಎರಡು ಚೌಕ ಮಾಡಿಸಿದ್ದೇನೆ.