ಚಿತ್ತಾರಕ್ಕೆ ಮುಂಗಡ ಪಡೆಯುವ ಮುನ್ನ ಒಂದು ಕಾಗದ

ಹೋಂಸ್ಟೇ ಗೋಡೆಗೆ ಮಲೆನಾಡಿನ ಸಾಂಪ್ರದಾಯಿಕ ಗೋಡೆಚಿತ್ರವಾದ ಹಸೆ ಚಿತ್ತಾರ ಬರೆಯುವ ಮಾತು ಸಾಗರದ ಕಡೆ ಸಾಮಾನ್ಯವಾಗಿ ಫೋನಿನಲ್ಲೇ ಮುಗಿಯುತ್ತದೆ. ಮುಂಗಡ ಬಂತು, ಕೆಮ್ಮಣ್ಣು ಬಳಿದಾಯಿತು. ಎಡವುವುದು ಇಲ್ಲೇ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಸೆಕ್ಷನ್ 17(ಬಿ) ಪ್ರಕಾರ, ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು. ನಾಳೆ ಅದೇ ಚಿತ್ತಾರ ಅವರ ಕಾಫಿಪುಡಿ ಪೊಟ್ಟಣದ ಮೇಲೆ ಬಂದರೆ ಹಣ ಕೇಳಲಾಗದು. ಸೊರಬದ ಗುಡಿಗಾರರು ಸ್ವಂತವಾಗಿ ಕೆತ್ತಿಕೊಡುವ ವಿಗ್ರಹಕ್ಕೆ ಮಾತ್ರ ಈ ತೊಡಕಿಲ್ಲ, 17(ಬಿ) ಹೆಸರಿಸುವ ಕೃತಿಗಳ ಪಟ್ಟಿಯಲ್ಲಿ ಶಿಲ್ಪವೇ ಇಲ್ಲ!

ಆದ್ದರಿಂದ ಮುಂಗಡಕ್ಕೆ ಮೊದಲೇ ಬರೆದು ಇಬ್ಬರೂ ಸಹಿ ಮಾಡಿ: 'ಗೋಡೆ ಮಾಲೀಕರದು, ಕೃತಿಸ್ವಾಮ್ಯ ಕಲಾವಿದರದು.' ತಾರೀಕು ಹಾಕಿದ ಚಿತ್ತಾರದ ನಕ್ಷೆ ಜೊತೆಗಿರಲಿ. ಹಕ್ಕು ಬಿಟ್ಟುಕೊಡುವುದೇ ಆದರೆ ಯಾವ ಬಳಕೆಗೆ, ಎಷ್ಟು ವರ್ಷ, ಎಲ್ಲಿ, ಎಷ್ಟು ಹಣಕ್ಕೆ ಎಂದು ಬಿಡಿಸಿ ಬರೆಯಿರಿ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದು ಕಾನೂನು ತಿಳಿಯುತ್ತದೆ.

ತಲೆಮಾರುಗಳಿಂದ ಬಂದ ನಮೂನೆ ಯಾರೊಬ್ಬರ ಸ್ವತ್ತೂ ಅಲ್ಲ, ನೀವು ಅದನ್ನು ಜೋಡಿಸಿದ ಬಗೆಯಷ್ಟೇ ನಿಮ್ಮದು. ಅದನ್ನು ಸೀರೆ, ಚೀಲಗಳ ಮೇಲೆ ಅಚ್ಚು ಹಾಕಿಸುವವರು ಮಾರುಕಟ್ಟೆಗೆ ಬಿಡುವ ಮೊದಲೇ ವಿನ್ಯಾಸ ನೋಂದಣಿ ಮಾಡಿಸಬೇಕು. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಕೃತಿಸ್ವಾಮ್ಯ ಹೋಗುತ್ತದೆ. ಹೆಚ್ಚಿನವರು ಇದನ್ನು ಕೇಳಿಯೇ ಇರುವುದಿಲ್ಲ.

ಹಕ್ಕು ಮಾರಿದ ಮೇಲೂ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 57 ಕೊಡುವ ಹಕ್ಕು ಕಲಾವಿದರಿಗೆ ಉಳಿಯುತ್ತದೆ: ಹೆಸರು ಹಾಕಿಸಿಕೊಳ್ಳುವುದು, ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಪ್ರಶ್ನಿಸುವುದು. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಗೆಡವಿದ ಕಂಚಿನ ಭಿತ್ತಿಶಿಲ್ಪದ ಸಲುವಾಗಿ ಅದರ ಶಿಲ್ಪಿ ಅಮರನಾಥ್ ಸೆಹಗಲ್ ಅವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ದೆಹಲಿ ಹೈಕೋರ್ಟ್ 2005ರಲ್ಲಿ ಆದೇಶಿಸಿತು. ಕೃತಿಯನ್ನು ಪ್ರದರ್ಶಿಸದೆ ಸುಮ್ಮನೆ ಒಳಗಿಟ್ಟರೆ ಮಾತ್ರ ಈ ಸೆಕ್ಷನ್ ನೆರವಿಗೆ ಬಾರದು.

ಇನ್ನು ನೋಡುವವರ ಮಾತು. ವೃತ್ತದಲ್ಲಿ ಕಾಯಂ ನಿಲ್ಲಿಸಿದ ಪ್ರತಿಮೆಯ ಫೋಟೊ ತೆಗೆದು ಪ್ರಕಟಿಸಲು ಅನುಮತಿ ಬೇಡ. ರಸ್ತೆ ಬದಿಯ ಗೋಡೆಚಿತ್ರ ಹಾಗಲ್ಲ: ಅದು ಕಾಯಂ ಅಲ್ಲಿಯೇ ಇರುವಂಥದ್ದಾದರೆ ಸಿನಿಮಾದಲ್ಲಿ ತೋರಿಸಬಹುದು, ಆದರೆ ಫೋಟೊ ತೆಗೆದು ಕ್ಯಾಲೆಂಡರ್ ಅಚ್ಚು ಹಾಕಿಸಿ ಮಾರುವುದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಕಲಾವಿದರು ತೀರಿಕೊಂಡು 60 ವರ್ಷ ಕಳೆದ ಮೇಲೆ ಆ ಕಟ್ಟೂ ಇಲ್ಲ.

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಆದರೆ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತದೆ. ದಾವೆ ಹೂಡಲು ಎದುರಾಳಿಯ ಊರಿಗೆ ಅಲೆಯಬೇಕಿಲ್ಲ. ಹಕ್ಕುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಹೂಡಬಹುದು, ಸಾಗರದವರಿಗೆ ಶಿವಮೊಗ್ಗ ಜಿಲ್ಲೆಯಲ್ಲೇ ಆಯಿತು.