ಚಿತ್ರಾನ್ನದ ಅನ್ನವನ್ನು ನಾನು ತಣ್ಣಗಾಗಿಸುವ ಬಗೆ: ನನ್ನ ಅನುಭವ

ಬೆಳಗಿನ ಚಿತ್ರಾನ್ನಕ್ಕೆ ಹಿಂದಿನ ರಾತ್ರಿಯೇ ಅನ್ನ ಮಾಡಿ, ದೊಡ್ಡ ತಪ್ಪಲೆಯಲ್ಲಿ ಮುಚ್ಚಿಟ್ಟು, ನಸುಕಿನಲ್ಲಿ ಒಗ್ಗರಣೆ ಕಲಸುವುದು ತೀರ್ಥಹಳ್ಳಿ, ಹೊಸನಗರದ ಕಡೆ ಅಡುಗೆ ಗುತ್ತಿಗೆ ಹಿಡಿಯುವ ನಮಗೆ ರೂಢಿಯಾಗಿದ್ದ ಕ್ರಮ. ತಣ್ಣಗಾದ ಅನ್ನ ಉದುರುದುರಾಗಿರುತ್ತದೆ, ಬೆಳಿಗ್ಗೆ ಒಲೆಯೂ ಬಿಡುವಾಗಿರುತ್ತದೆ. ನಾನೂ ಹದಿನೈದು ವರ್ಷ ಹಾಗೆಯೇ ಮಾಡಿದೆ. 2016ರ ಏಪ್ರಿಲ್ ಕೊನೆಯಲ್ಲಿ ಒಂದು ಮದುವೆಮನೆಯಲ್ಲಿ ಎಂಟೂವರೆಗೆ ಚಿತ್ರಾನ್ನ ಬಡಿಸಿದೆವು. ಹನ್ನೊಂದರ ಹೊತ್ತಿಗೆ, ಧಾರೆ ಮುಗಿಯುವ ಮೊದಲೇ, ಒಬ್ಬೊಬ್ಬರಾಗಿ ವಾಂತಿ ಮಾಡತೊಡಗಿದರು. ಸುಮಾರು ನಲವತ್ತು ಜನ, ಅವರಲ್ಲಿ ಹತ್ತು ಹನ್ನೆರಡು ಮಕ್ಕಳು. ಸಂಜೆಯೊಳಗೆ ಬಹುತೇಕ ಎಲ್ಲರೂ ಚೇತರಿಸಿಕೊಂಡರಾದರೂ ಮದುಮಗಳ ಅಜ್ಜಿಗೆ ಎರಡು ದಿನ ಗ್ಲೂಕೋಸ್ ಏರಿಸಬೇಕಾಯಿತು. ಆ ಎರಡು ದಿನವೂ ನಾನು ಆಸ್ಪತ್ರೆಯ ಬೆಂಚಿನ ಮೇಲೆಯೇ ಕುಳಿತಿದ್ದೆ. ಆಸ್ಪತ್ರೆಯ ಖರ್ಚು ₹38,000 ನಾನೇ ಕಟ್ಟಿದೆ, ಗುತ್ತಿಗೆಯ ಬಾಕಿ ₹60,000 ಕೇಳಲಿಲ್ಲ, ಮೇ ತಿಂಗಳ ಮೂರು ಮದುವೆಗಳು ಕೈತಪ್ಪಿದವು. ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಪೆಟ್ಟು ಬಿದ್ದಿರಬೇಕು.

ಊರಿನವರು ಮೊದಲು ಬಾವಿಯ ನೀರನ್ನು, ಆಮೇಲೆ ತೆಂಗಿನಕಾಯಿಯನ್ನು, ಕೊನೆಗೆ ಎಣ್ಣೆಯನ್ನು ದೂರಿದರು. ಚಿಕಿತ್ಸೆ ಕೊಟ್ಟ ವೈದ್ಯರು ಮಾತ್ರ ತಿಂದ ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು, ಜ್ವರವಿದೆಯೇ ಎಂದು ಕೇಳಿ, ಎರಡು ಮೂರು ಗಂಟೆ, ಜ್ವರವಿಲ್ಲ ಎಂದಾಗ, ವಿಷ ಆಹಾರದಲ್ಲೇ ಮೊದಲು ಸಿದ್ಧವಾಗಿತ್ತು ಎಂದರು. ಬರೀ ಇಡ್ಲಿ ತಿಂದವರಿಗೆ ಏನೂ ಆಗಿರಲಿಲ್ಲ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತಕ್ಕೆ ಸಾಯುವುದಿಲ್ಲ, ಉಗುರುಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ ಎಂದು ಅವರಿಂದಲೇ ತಿಳಿಯಿತು. ಹಾಗಾದರೆ ನನ್ನ ಒಗ್ಗರಣೆಯ ಬಿಸಿಯಿಂದ ಏನೂ ಪ್ರಯೋಜನವಿರಲಿಲ್ಲ.

ಮಾರನೆಯ ವಾರವೇ ₹250ರ ಒಂದು ಥರ್ಮಾಮೀಟರ್ ತಂದೆ. ಅದು ಹಬೆಗೆ ಎರಡೇ ದಿನದಲ್ಲಿ ಕೆಟ್ಟಿತು. ಆಮೇಲೆ ತಂದ ಉದ್ದ ಕಡ್ಡಿಯ, ₹650ರದ್ದು ಈಗಲೂ ಇದೆ. ಕುದಿಯುವ ನೀರಿನಲ್ಲಿ ಅದು 98 ಡಿಗ್ರಿ ತೋರಿಸಿದಾಗ ಇದೂ ಹಾಳೆಂದು ಹಿಂತಿರುಗಿಸಲು ಹೊರಟಿದ್ದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 98ಕ್ಕೆ. ಐಸ್ ಕರಗುವ ನೀರಿನಲ್ಲಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಂಡರೆ ಸಾಕು. ಆ ಕಡ್ಡಿ ಹಿಡಿದು, ರಾತ್ರಿ ಹತ್ತಕ್ಕೆ ಮುಚ್ಚಿಟ್ಟ 25 ಕೆ.ಜಿ. ಅಕ್ಕಿಯ ಅನ್ನವನ್ನು ಬೆಳಗಿನ ಐದಕ್ಕೆ ಅಳೆದೆ. ನಡುವೆ 48, ಅಂಚಿನಲ್ಲಿ 36. ಏಳು ಗಂಟೆಯಾದರೂ ಆ ರಾಶಿ ಆರಿರಲಿಲ್ಲ, ಅಂಚಿನ ಅನ್ನ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಬಿಸಿಯಲ್ಲೇ ಗಂಟೆಗಟ್ಟಲೆ ಇತ್ತು.

ಆದ್ದರಿಂದ ಅನ್ನವನ್ನು ಅಂದೇ ನಸುಕಿನಲ್ಲಿ ಮಾಡಬೇಕು, ಆದರೂ ಉದುರುದುರಾಗಿ ಸಿಗಬೇಕು ಎಂದು ಹಟ ಹಿಡಿದೆ. ಹಿರಿಯ ಅಡುಗೆಯವರೊಬ್ಬರು, "ಬಿಸಿ ಅನ್ನ ಕಲಸಿದರೆ ಮುದ್ದೆಯಾಗ್ತದೆ ಮಾರಾಯ, ನಲವತ್ತು ವರ್ಷ ಕಂಡಿದ್ದೇನೆ" ಎಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ತಪ್ಪಲೆಯ ಸುತ್ತ ಶಿವಮೊಗ್ಗದಿಂದ ತರಿಸಿದ ಐಸ್ ಗಡ್ಡೆ ಇಟ್ಟೆ. ₹400 ಕರಗಿ ಹೋಯಿತು, ಮೂರು ಗಂಟೆಯ ನಂತರವೂ ನಡುಭಾಗ 58 ಇತ್ತು. ಬೆಂದ ಅನ್ನಕ್ಕೆ ತಣ್ಣೀರು ಸುರಿದು ಬಸಿದೆ. ರುಚಿ ನೀರಿನ ಜೊತೆ ಹೋಯಿತು, ಅದಕ್ಕಿಂತ ಹೆಚ್ಚಾಗಿ, ಕಾಯಿಸದ ಅಬ್ಬಿ ನೀರನ್ನು ಬೆಂದ ಅನ್ನಕ್ಕೆ ಸುರಿದ ಅಪಾಯ ಆಮೇಲೆ ಹೊಳೆದು ಅದನ್ನೂ ಕೈಬಿಟ್ಟೆ. ಒದ್ದೆ ಪಂಚೆಯ ಮೇಲೆ ಹರಡಿ ಫ್ಯಾನ್ ಹಾಕಿದಾಗ ಚಪ್ಪರದ ಧೂಳು ಮತ್ತು ದೀಪದ ಹುಳುಗಳು ಬಿದ್ದು ಅಷ್ಟೂ ಅನ್ನವನ್ನು ಕೊಟ್ಟಿಗೆಗೆ ಹಾಕಬೇಕಾಯಿತು. ಅಂದಿನ ನಷ್ಟ ಸುಮಾರು ₹2,000.

ಕೊನೆಗೆ ಕೈಹಿಡಿದದ್ದು ಸ್ಟೀಲ್ ಟ್ರೇಗಳು. ಎರಡಡಿಗೆ ಮೂರಡಿ ಅಳತೆಯ ಹನ್ನೆರಡು ಟ್ರೇ, ಒಂದಕ್ಕೆ ₹1,100ರಂತೆ ಕೊಂಡೆ. ಅವುಗಳನ್ನು ಒಂದರ ಮೇಲೊಂದು ಗಾಳಿಯಾಡುವಂತೆ ಇಡುವ, ಸುತ್ತ ಸೊಳ್ಳೆಪರದೆ ಕಟ್ಟಿದ ಕಬ್ಬಿಣದ ಸ್ಟ್ಯಾಂಡಿಗೆ ವೆಲ್ಡಿಂಗ್ ಸೇರಿ ₹6,500 ಆಯಿತು. ನಾಲ್ಕು ಬೆರಳು ದಪ್ಪ ಹರಡಿದಾಗ ಒಂದು ಗಂಟೆ ಕಳೆದರೂ ನಡುವೆ 55 ಇತ್ತು. ಎರಡು ಬೆರಳಿಗೆ ಇಳಿಸಿದಾಗ ನಲವತ್ತು ನಿಮಿಷದಲ್ಲಿ 32ಕ್ಕೆ ಬಂತು, ಅಗುಳು ಒಂದಕ್ಕೊಂದು ಅಂಟಲಿಲ್ಲ. ಈಗ ನಾಲ್ಕಕ್ಕೆ ಅಕ್ಕಿ ಹಾಕುತ್ತೇನೆ, ಐದಕ್ಕೆ ಹರಡುತ್ತೇನೆ, ಆರಕ್ಕೆ ಕಲಸುತ್ತೇನೆ, ಎಂಟೂವರೆಯೊಳಗೆ ಬಡಿಸಿ ಮುಗಿಸುತ್ತೇನೆ. ಒಂಬತ್ತರ ನಂತರ ಉಳಿದ ಚಿತ್ರಾನ್ನವನ್ನು ಮನೆಯವರು ಎಷ್ಟೇ ಕೇಳಿದರೂ ಡಬ್ಬಿಗೆ ತುಂಬಿ ಕೊಡುವುದಿಲ್ಲ. ಅಕ್ಕಿಗೆ ನೀರು ಎಷ್ಟು, ಬಸಿಯುವ ಮುಂಚೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನದ ಗುಟ್ಟು. ನಸುಕಿಗೆ ಒಬ್ಬ ಆಳು ಹೆಚ್ಚು ಬೇಕು, ಅವನಿಗೆ ₹700.

ನಿಂಬೆಹುಳಿ ಹಾಕಿದರೆ ಕೆಡುವುದಿಲ್ಲ ಎಂಬ ಮಾತನ್ನೂ ಪರೀಕ್ಷಿಸಿದೆ. ಬರೀ ಅನ್ನ, ನಿಂಬೆ ಹಿಂಡಿದ ಅನ್ನ, ಪುಳಿಯೋಗರೆ ಗೊಜ್ಜು ಕಲಸಿದ ಅನ್ನ, ಈ ಮೂರನ್ನೂ ಮೂರು ಬೋಗುಣಿಯಲ್ಲಿ ಒಂದು ದಿನ ಇಟ್ಟಾಗ ಬರೀ ಅನ್ನ ಲೋಳೆ ಬಿಟ್ಟಿತು, ಗೊಜ್ಜಿನದು ವಾಸನೆ ಬದಲಿಸಲಿಲ್ಲ. ಹುಳಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುವುದು ನಿಜ. ಆದರೆ ಕಲಸುವ ಮೊದಲೇ ಹುಟ್ಟಿದ ವಿಷವನ್ನು ಅದು ತೆಗೆಯುವುದಿಲ್ಲ, ಆ ವಿಷಕ್ಕೆ ವಾಸನೆಯೂ ಇಲ್ಲ. ಆದ್ದರಿಂದ ಮೂಗನ್ನು ನಂಬುವುದನ್ನು ಬಿಟ್ಟೆ.

ಅನ್ನ ಸರಿಯಾದ ಮೇಲೆ ಕಣ್ಣು ಹುಳಿಯ ಕೊಪ್ಪರಿಗೆಯ ಮೇಲೆ ಬಿತ್ತು. 120 ಲೀಟರಿನ ಬೇಳೆಯ ಗಟ್ಟಿ ಹುಳಿಯನ್ನು ಬೆಳಿಗ್ಗೆ ಏಳಕ್ಕೆ ಇಳಿಸಿ ಮುಚ್ಚಿಟ್ಟರೆ ಮಧ್ಯಾಹ್ನದ ಕೊನೆಯ ಪಂಕ್ತಿಗೆ ಅದು 50ರ ಕೆಳಗೆ ಇಳಿದಿರುತ್ತಿತ್ತು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹೆಚ್ಚಾಗಿ ಮಾಂಸದ ಸಾರಿನಲ್ಲಿ ಕಾಣಿಸಿಕೊಂಡರೂ ಬೇಳೆಕಾಳಿನ ಗಟ್ಟಿ ಪದಾರ್ಥದಲ್ಲೂ ಬೆಳೆಯಬಲ್ಲದು. ಕುದಿದು ಗಾಳಿ ಕಳೆದುಕೊಂಡ ಆಳದ ಭಾಗ ಮತ್ತು 43ರಿಂದ 47 ಡಿಗ್ರಿಯ ಬಿಸಿ ಅದಕ್ಕೆ ಬಹಳ ಹಿತ. ಹೊಟ್ಟೆನೋವು, ಭೇದಿ ಶುರುವಾಗುವುದು ಎಂಟರಿಂದ ಹದಿನಾರು ಗಂಟೆಯ ನಂತರ, ಅಂದರೆ ನೆಂಟರು ಊರು ಸೇರಿದ ಮೇಲೆ. ಹಾಗಾಗಿ ಆ ದೂರು ಅಡುಗೆಯವನವರೆಗೆ ಬರುವುದೇ ಇಲ್ಲ. ನಮ್ಮಿಂದ ಹಿಂದೆ ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು ಎಂದು ಯೋಚಿಸಿದಾಗ ಬಹಳ ಸಂಕಟವಾಯಿತು. ಈಗ 40 ಲೀಟರಿನ ಮೂರು ಪಾತ್ರೆಗಳಲ್ಲಿ, ಪಂಕ್ತಿಗೊಂದರಂತೆ ಬೇರೆ ಬೇರೆ ಹೊತ್ತಿಗೆ ಹುಳಿ ಮಾಡಿ, ಬಡಿಸುವವರೆಗೂ ಸಣ್ಣ ಉರಿಯಲ್ಲಿ 65ರ ಮೇಲೆಯೇ ಇಡುತ್ತೇನೆ. ಗ್ಯಾಸ್ ಅರ್ಧ ಸಿಲಿಂಡರಿನಷ್ಟು ಹೆಚ್ಚು ಹೋಗುತ್ತದೆ.

ಕೈಗಳ ವಿಚಾರ ಇನ್ನೂ ಕಷ್ಟದ್ದು. ಅಡಿಕೆ ಸುಲಿಯುವ ಕಾಲದಲ್ಲಿ ಬರುವ ಹುಡುಗರ ಬೆರಳುಗಳಲ್ಲಿ ಕತ್ತಿಯ ಗಾಯಗಳಿರುತ್ತವೆ. ಕೀವಾದ ಗಾಯದಲ್ಲಿರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಕೂಡ ಆಹಾರದಲ್ಲಿ ಬಿಸಿಗೆ ಬಗ್ಗದ ವಿಷವನ್ನೇ ಬಿಡುತ್ತದೆ. ಗ್ಲೌಸ್ ಕೊಟ್ಟು ನೋಡಿದೆ. ಅದೇ ಗ್ಲೌಸಿನಲ್ಲಿ ಸೌದೆ ಮುಟ್ಟಿ, ಬೆವರೊರೆಸಿ, ಕೋಸಂಬರಿ ಕಲಸುವುದನ್ನು ಕಂಡು ನಿಲ್ಲಿಸಿದೆ. ಗಾಯವಿದ್ದವನಿಗೆ ಪೂರ್ತಿ ಕೂಲಿ ಕೊಟ್ಟೇ ಎಲೆ ತೆಗೆಯುವ, ಸೌದೆ ಹೊರುವ ಕೆಲಸಕ್ಕೆ ಹಾಕುತ್ತೇನೆ. ಕೂಲಿ ಕಡಿದಿದ್ದರೆ ಅವರು ಗಾಯ ಮುಚ್ಚಿಡುತ್ತಿದ್ದರು.

2018ರಿಂದ ಈಚೆಗೆ ನಾನೂರರ ಆಸುಪಾಸು ಸಮಾರಂಭಗಳನ್ನು ಮಾಡಿದ್ದೇನೆ, ಅತಿ ದೊಡ್ಡದು ಸಾಗರದ ಕಡೆ 1,800 ಎಲೆಯದು. ಪ್ರತಿ ಸಮಾರಂಭದ ಮೂರನೆಯ ದಿನ ಮನೆಯವರಿಗೆ ಫೋನ್ ಮಾಡಿ, ನೆಂಟರಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತೇ ಎಂದು ಕೇಳುತ್ತೇನೆ. ಇದುವರೆಗೆ ಯಾರೂ ಹೌದೆಂದಿಲ್ಲ. ಎಲೆಯೊಂದಕ್ಕೆ ₹4 ಹೆಚ್ಚು ತೆಗೆದುಕೊಳ್ಳುತ್ತೇನೆ, ಯಾಕೆಂದು ಕೇಳಿದವರಿಗೆ ಟ್ರೇಗಳನ್ನು ತೋರಿಸುತ್ತೇನೆ. ಮುದ್ದೆಯಾಗುತ್ತದೆ ಎಂದಿದ್ದ ಹಿರಿಯರು ಕಳೆದ ವರ್ಷ ಮಗನನ್ನು ಕಳಿಸಿ ಸ್ಟ್ಯಾಂಡಿನ ಅಳತೆ ಬರೆಸಿಕೊಂಡು ಹೋದರು.