ಕಾರು ತೊಳೆದ ಮೇಲೆ ಬ್ರೇಕ್ ಡಿಸ್ಕ್‌ಗೆ ಜಂಗು ಹಿಡಿಯದಿರಲು

ಬೆಳಿಗ್ಗೆ ಕಾರು ತೊಳೆದು ನಿಲ್ಲಿಸಿದರೆ ಸಂಜೆಯೊಳಗೆ ಚಕ್ರದ ಸಂದಿಯಲ್ಲಿ ಕಾಣುವ ಡಿಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಬೆಳಗಾವಿಯ ಮಳೆಗಾಲದ ಹವೆಗೆ ಒಂದೆರಡು ತಾಸೇ ಸಾಕು. ಡಿಸ್ಕ್ ಬೀಡುಕಬ್ಬಿಣದ್ದು. ಲೇತ್ ಯಂತ್ರದಲ್ಲಿ ಸವರಿದ ಬೀಡುಕಬ್ಬಿಣಕ್ಕೆ ತೇವ ತಾಗಿದರೆ ಏನಾಗುತ್ತದೆಂದು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರಿಗೆ ಹೇಳಬೇಕಿಲ್ಲ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿಯುವ ಪ್ಯಾಡ್ ಉಜ್ಜುವ ಮುಖಕ್ಕೆ ಬಣ್ಣ, ಎಣ್ಣೆ ಏನನ್ನೂ ಹಚ್ಚುವಂತಿಲ್ಲ. ಹಾಗಾಗಿ ಬ್ರೇಕಿನ ಕಾವಿನಿಂದಲೇ ಅದನ್ನು ಒಣಗಿಸಬೇಕು.

ಓಡಿಸಿ ಬಂದ ಕೂಡಲೇ ನೀರು ಹಾಕಬೇಡಿ. ಅರ್ಧ ತಾಸು ನೆರಳಲ್ಲಿ ನಿಲ್ಲಲಿ. ಕಾದ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಅಪಾಯವಿದೆ. ಚಕ್ರಕ್ಕೆ ಕಾರಿನ ಶಾಂಪೂ ಸಾಕು. ಅಲಾಯ್ ಚಕ್ರ ಹೊಳೆಯಲೆಂದು ಬಳಸುವ ಆಸಿಡ್ ದ್ರಾವಣ ಡಿಸ್ಕ್ ಮೇಲೆ ಉಳಿದರೆ ಬರೀ ನೀರಿಗಿಂತ ಬೇಗ ಜಂಗು ತರುತ್ತದೆ. ನೊರೆ ಪೂರ್ತಿ ಹೋಗುವಂತೆ ತೊಳೆಯಿರಿ. ವಾಷಿಂಗ್ ಸೆಂಟರ್‌ನಲ್ಲಾದರೆ ಚಕ್ರದ ಸಂದಿಗಳಿಗೆ ಕಂಪ್ರೆಸರ್ ಗಾಳಿ ಹೊಡೆಸಿ. ಪ್ರೆಷರ್ ನೀರಿನ ನಳಿಕೆಯನ್ನು ಮಾತ್ರ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ರಬ್ಬರಿಗೆ ಹತ್ತಿರ ಹಿಡಿಯಲು ಬಿಡಬೇಡಿ.

ಮುಖ್ಯ ಕೆಲಸ ಇನ್ನು ಮುಂದಿದೆ. ತೊಳೆದ ಕಾರನ್ನು ಅಲ್ಲೇ ನಿಲ್ಲಿಸದೆ ವಾಹನ ಕಡಿಮೆಯಿರುವ ರಸ್ತೆಯಲ್ಲಿ ಎರಡು ಮೂರು ಕಿ.ಮೀ. ಓಡಿಸಿ. ವೇಗ ಗಂಟೆಗೆ 40 ಕಿ.ಮೀ. ಮುಟ್ಟಿದಾಗ ಪೆಡಲನ್ನು ಹಗುರವಾಗಿ ಒತ್ತಿ 10ಕ್ಕೆ ಇಳಿಸಿ, ಮತ್ತೆ ವೇಗ ಹಿಡಿಯಿರಿ. ಹೀಗೆ ಎಂಟು ಹತ್ತು ಸಲ. ಡಿಸ್ಕ್ ಒದ್ದೆಯಿರುವಾಗ ಮೊದಲ ಒಂದೆರಡು ಸಲ ಬ್ರೇಕ್ ತಡವಾಗಿ ಹಿಡಿಯುತ್ತದೆ, ಗರಗರ ಸದ್ದೂ ಬರಬಹುದು; ಮುಂದಿನ ವಾಹನದಿಂದ ದೂರವಿರಿ. ಆಮೇಲೆ ಬ್ರೇಕ್ ಹೆಚ್ಚು ಮುಟ್ಟದೆ ಐದು ನಿಮಿಷ ಓಡಿಸಿ, ಡಿಸ್ಕ್ ತಣಿದ ಮೇಲೆ ನಿಲ್ಲಿಸಿ.

ನಿಲ್ಲಿಸುವಾಗಲೂ ಎಚ್ಚರ ಬೇಕು. ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಡ್ರಮ್ಮನ್ನು. ತೇವವಿದ್ದಾಗ ಎಳೆದಿಟ್ಟರೆ ಡ್ರಮ್ಮನ್ನು ಒಳಗಿನಿಂದ ಉಜ್ಜುವ ಲೈನರ್ ಅದಕ್ಕೇ ಅಂಟಬಹುದು. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬದಲು ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಡಲೇಬಾರದು. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ಕಾರು ಮನೆಯಲ್ಲೇ ನಿಂತಿರುವುದಾದರೆ ಮೂರು ನಾಲ್ಕು ದಿನಕ್ಕೊಮ್ಮೆ ಐದು ಕಿ.ಮೀ. ಓಡಿಸಿ.

ಇಷ್ಟಾದರೂ ತೆಳುವಾಗಿ ಜಂಗು ಬಂದರೆ ಹೆದರಬೇಕಿಲ್ಲ. ನಾಲ್ಕಾರು ಬ್ರೇಕಿಗೆ ಪ್ಯಾಡೇ ಉಜ್ಜಿ ತೆಗೆಯುತ್ತದೆ. ಪ್ಯಾಡ್ ತಾಗದ ಅಂಚಿನ ಜಂಗು ಸಾಮಾನ್ಯವಾಗಿ ಬ್ರೇಕಿಗೆ ತೊಂದರೆ ಮಾಡದು. ಆದರೆ ಹತ್ತು ಹದಿನೈದು ಬ್ರೇಕಿನ ಮೇಲೂ ಮುಖದಲ್ಲಿ ಕುಳಿ ಉಳಿದಿದ್ದರೆ, ಪ್ಯಾಡ್ ಆಕಾರದ ಕಪ್ಪು ಕಲೆಯಿದ್ದರೆ, ಪೆಡಲ್ ಕಾಲಿಗೆ ನಡುಗಿದಂತಾದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಮೈಕ್ರೋಮೀಟರ್‌ನಿಂದ ಡಿಸ್ಕ್ ದಪ್ಪ ಅಳೆಸಿ, ಡಿಸ್ಕ್ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕೆ ಹೋಲಿಸಿ. ಲೇತಿಗೆ ಹಾಕಿದ ಮೇಲೂ ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರಷ್ಟೇ ಸವರಿಸಿ. ಇಲ್ಲವಾದರೆ ಎರಡೂ ಬದಿಯ ಡಿಸ್ಕ್ ಜೋಡಿಯಾಗಿ ಬದಲಿಸಿ.

ಟಯರ್ ಪಾಲಿಶ್ ಸ್ಪ್ರೇ ಮಾಡಿಸುವುದು ಬೇಡ, ಸ್ಪಂಜಿನಿಂದ ಒರೆಸಲಿ. ಸಿಡಿದ ಹನಿ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಜಾರುತ್ತದೆ. ಬಿದ್ದಿದ್ದರೆ ಬ್ರೇಕ್ ಕ್ಲೀನರ್ ಹೊಡೆದು ಶುಭ್ರ ಬಟ್ಟೆಯಿಂದ ಒರೆಸಿ. ಎಣ್ಣೆ ಕುಡಿದ ಪ್ಯಾಡ್ ಮಾತ್ರ ಒರೆಸಿದರೆ ಸರಿಹೋಗದು, ಹೊಸದೇ ಹಾಕಿಸಬೇಕು.